ನಕ್ಷತ್ರಕ್ಕೆ ಸಿಕ್ಕಿಬಿದ್ದ ಮದ್ದೂರು ವಡೆ

ಕಾಲೇಜಿನ ವೆಬ್‌ಸೈಟ್ ನೋಡೋಕೆ ಒಂದೇ, ಒಳಗೆ ಹಲವು ಆ್ಯಪ್‌ಗಳು. ಪತ್ರಿಕೆ ಒಂದು, ಸೂಚನಾ ಫಲಕ ಇನ್ನೊಂದು, ಕಾರ್ಯಕ್ರಮಗಳ ಪಟ್ಟಿ ಮತ್ತೊಂದು. ಮಳವಳ್ಳಿಯ ಗೆಳೆಯನೊಬ್ಬ ಶಿವನಸಮುದ್ರದ 1902ರ ವಿದ್ಯುತ್ ಕೇಂದ್ರದ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲೇ ಬರೆದು ಕಳಿಸಿದ ಅಂತಿಟ್ಟುಕೊಳ್ಳೋಣ. ಅಲ್ಲಿ ಪದದ ಎರಡೂ ಬದಿ ಒಂದೊಂದು ನಕ್ಷತ್ರ ಹಾಕಿದರೆ ದಪ್ಪಕ್ಷರ. ಜಾನ್ ಗ್ರೂಬರ್ 2004ರಲ್ಲಿ ಹೊರತಂದ ಮಾರ್ಕ್‌ಡೌನ್‌ನಲ್ಲಿ ಅದೇ ಒಂದು ನಕ್ಷತ್ರ ಅಂದ್ರೆ ಓರೆ ಅಕ್ಷರ; ದಪ್ಪಕ್ಕೆ ಎರಡು ಬೇಕು. ಮಾರ್ಕಪ್ಪೇ ಅರ್ಥವಾಗದ ಆ್ಯಪ್‌ನಲ್ಲಿ ನಕ್ಷತ್ರಗಳು ಹಾಗೇ ಉಳಿದುಬಿಡ್ತವೆ. ಕವನದ ಗತಿ ಇನ್ನೂ ಕಷ್ಟ: ಮಾರ್ಕ್‌ಡೌನ್ ಒಂಟಿ ಎಂಟರ್ ಅನ್ನು ಖಾಲಿ ಜಾಗ ಅಂತ ಓದುತ್ತೆ, ನಾಲ್ಕು ಸಾಲಿನ ಪದ್ಯ ಒಂದೇ ಸಾಲಾಗುತ್ತೆ.

ಎಲ್ಲ ಆ್ಯಪ್‌ಗೂ ಮಾರ್ಕ್‌ಡೌನ್ ಹಾಕಿದ್ರೆ ಮುಗೀತಲ್ವಾ? ಇಲ್ಲ. 2014ರಲ್ಲಿ ಬಂದ ಕಾಮನ್‌ಮಾರ್ಕ್ ನಿಯಮಗಳನ್ನು ಬಿಗಿಯಾಗಿ ಬರೆದಿಟ್ಟಿತು, ಆದರೆ ಕನ್ನಡದ ವಿಭಕ್ತಿ ಪ್ರತ್ಯಯ ಅಲ್ಲಿ ಎಡವುತ್ತೆ. ಈ ಸಾಲು ನೋಡಿ:

**'ಮದ್ದೂರು ವಡೆ'**ಗೆ ಈರುಳ್ಳಿ ಬೇಕು.

ಇದು ದಪ್ಪ ಆಗಲ್ಲ. ಮುಚ್ಚುವ ನಕ್ಷತ್ರಗಳ ಹಿಂದೆ ಉದ್ಧರಣ ಚಿಹ್ನೆ, ಮುಂದೆ ಅಕ್ಷರ ಇದ್ದರೆ ಅವನ್ನು ಮುಚ್ಚುವ ಗುರುತು ಅಂತ ಒಪ್ಪಲ್ಲ. ಇಂಗ್ಲಿಷಿನಲ್ಲಿ ಪದದ ಮುಂದೆ ಸಾಮಾನ್ಯವಾಗಿ ಖಾಲಿ ಜಾಗವೋ ಚಿಹ್ನೆಯೋ ಇರುತ್ತೆ. ನಮ್ಮಲ್ಲಿ 'ಗೆ', 'ಯ', 'ಯಲ್ಲಿ' ಅಂಟಿಕೊಂಡೇ ಬರುತ್ತೆ. ಅದಕ್ಕೇ ಇಂಗ್ಲಿಷ್ ವಾಕ್ಯಗಳಲ್ಲಷ್ಟೇ ಟೆಸ್ಟ್ ಮಾಡಿದವರಿಗೆ ಈ ಬಗ್ ಸುಲಭಕ್ಕೆ ಕಾಣಲ್ಲ. ಉದ್ಧರಣ ಚಿಹ್ನೆಯನ್ನು ನಕ್ಷತ್ರದ ಹೊರಗೆ ತಂದರೆ ಸರಿಹೋಗುತ್ತೆ. ಓರೆಗೆ ಅಂಡರ್‌ಸ್ಕೋರ್ ಬಳಸಿದರೆ ಉದ್ಧರಣ ಚಿಹ್ನೆ ಇಲ್ಲದಿದ್ದರೂ ಪ್ರತ್ಯಯದ ಮುಂದೆ ಸೋಲುತ್ತೆ, ಹಾಗಾಗಿ ನಮ್ಮ ಸಲಹೆ ನಕ್ಷತ್ರವೇ. (ಕನ್ನಡ ಲಿಪಿಗೆ ಓರೆ ಅಕ್ಷರ ಒಪ್ಪುತ್ತಾ ಅನ್ನೋದು ಬೇರೆ ಜಗಳ.)

ರಿಪೇರಿ ಎಲ್ಲಿಂದ ಶುರು ಮಾಡಬೇಕು? ಮೊದಲು ಡೇಟಾಬೇಸಿನಲ್ಲಿ ಒಂದು ಕಾಲಂ ಸೇರಿಸಿ, ಪ್ರತಿ ಬರಹ ಯಾವ ರೂಪದಲ್ಲಿದೆ ಅಂತ ಬರೆದಿಡಿ. ಒಂಟಿ ನಕ್ಷತ್ರ ನೋಡಿ ಅದು ವಾಟ್ಸ್‌ಆ್ಯಪ್‌ನ ದಪ್ಪವೋ ಮಾರ್ಕ್‌ಡೌನ್‌ನ ಓರೆಯೋ ಅಂತ ಯಾವ ಪ್ರೋಗ್ರಾಮೂ ಖಚಿತವಾಗಿ ಹೇಳಲಾರದು. ಫೈಂಡ್-ರಿಪ್ಲೇಸ್ ಹೊಡೆದರೆ ಸರಿ ಇದ್ದದ್ದೂ ಕೆಡುತ್ತೆ. ವಿಕಿ ರೂಪ, ಎಚ್‌ಟಿಎಂಎಲ್ ರೂಪದ ಹಳೆಯ ಬರಹಗಳಿಗೆ ಪ್ಯಾನ್‌ಡಾಕ್ ಇದೆ. ವಾಟ್ಸ್‌ಆ್ಯಪ್‌ನವಕ್ಕೆ ನಾವೇ ಪುಟ್ಟ ಪರಿವರ್ತಕ ಬರೆಯಬೇಕು. ಮೂಲ ಪ್ರತಿ ಮಾತ್ರ ಅಳಿಸಬೇಡಿ.

ಆಮೇಲೆ ಎಲ್ಲ ಆ್ಯಪ್‌ಗಳಿಗೂ ಒಂದೇ ಲೈಬ್ರರಿ, ಒಂದೇ ಆವೃತ್ತಿ, ಒಂದೇ ಸೆಟ್ಟಿಂಗ್. ಅಪಾಯಕಾರಿ ಟ್ಯಾಗ್ ತೆಗೆಯುವ ಕೆಲಸ ಎಚ್‌ಟಿಎಂಎಲ್ ಆದ ಮೇಲೆ ನಡೀಬೇಕು, ಮೊದಲಲ್ಲ. ಆ ಹಂತದಲ್ಲಿ ಕಣ್ಣಿಗೆ ಕಾಣದ ಜೀರೊ ವಿಡ್ತ್ ಜಾಯ್ನರ್ ಅನ್ನು ಕಸ ಅಂತ ಗುಡಿಸಿಬಿಟ್ಟರೆ 'ರ‍್ಯಾಂಕ್' ಹೋಗಿ 'ರ್ಯಾಂಕ್' ಆಗುತ್ತೆ, ಅರ್ಕಾವತ್ತು ಬಂದು ಕೂರುತ್ತೆ. ಫಲಿತಾಂಶದ ದಿನ ಸೂಚನಾ ಫಲಕದಲ್ಲಿ ಹಾಗೆ ಬಂದ್ರೆ ಓದೋರು ನಗ್ತಾರೆ. ಟೆಸ್ಟ್ ಫೈಲಿನಲ್ಲಿ ವಡೆಯ ಸಾಲು, ರ‍್ಯಾಂಕ್ ಸಾಲು, ನಾಲ್ಕು ಸಾಲಿನ ಒಂದು ಪದ್ಯ ಇರಲಿ. ಯಾರು ಏನು ಬದಲಿಸಿದರೂ ಮೊದಲು ಅವು ಪಾಸಾಗಬೇಕು.