ಎಂಜಿನ್ ಇಲ್ಲದ ಕೂಪರ್

ಪ್ರಶ್ನೆ: ನನಗೆ 52 ವರ್ಷ. ಮೈಸೂರಿನವನು, ಇಂಗ್ಲೆಂಡಿನ ಕವೆಂಟ್ರಿಗೆ ಬಂದು 23 ವರ್ಷವಾಯಿತು. ಅಪ್ಪ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುತ್ತಿದ್ದವರು, ಈಗ 84. ಹೋದ ವರ್ಷ 1950ರ ಕೂಪರ್ 500 ರೇಸ್ ಕಾರೊಂದನ್ನು ಎಂಜಿನ್ ಇಲ್ಲದೆಯೇ ಕೊಂಡೆ. ಬರುವ ಬೇಸಿಗೆಗೆ ಅಪ್ಪನನ್ನು ಕರೆಸಿ, ಅವರ ಕಣ್ಣೆದುರು ಓಡಿಸಬೇಕೆಂಬ ಆಸೆ. ಒಬ್ಬರ ಬಳಿ ಜ್ಯಾಪ್ ಎಂಜಿನ್ ಇದೆ. ಇನ್ನೊಬ್ಬರ ಬಳಿ ನಾರ್ಟನ್ ಮ್ಯಾಂಕ್ಸ್ ಇದೆ, ಬೆಲೆ ಹಲವು ಪಟ್ಟು. ಮ್ಯಾಂಕ್ಸ್ ಇಲ್ಲದಿದ್ದರೆ ಎಲ್ಲರಿಗಿಂತ ಹಿಂದೆ ಉಳೀತೀಯ ಅಂತಾರೆ ಗೆಳೆಯರು. ಮಗಳ ಓದಿಗೆಂದು ಇಟ್ಟ ದುಡ್ಡಿಗೆ ಕೈ ಹಾಕಲೇ ಎಂದು ಯೋಚಿಸುತ್ತಿದ್ದೇನೆ. ಹೆಂಡತಿಗೆ ಇನ್ನೂ ಹೇಳಿಲ್ಲ. ರಾತ್ರಿ ನಿದ್ದೆ ಹತ್ತುತ್ತಿಲ್ಲ.
— ಹೆಸರು ಬೇಡ, ಕವೆಂಟ್ರಿ

ಉತ್ತರ: ಮಗಳ ದುಡ್ಡು ಮುಟ್ಟಬೇಡಿ. ಜ್ಯಾಪ್ ಕೊಳ್ಳಿ, ಆದರೆ ಬಿಚ್ಚಿ ನೋಡಿದ ಮೇಲೆ ಮಾತ್ರ. ಹೆಂಡತಿಗೆ ಇವತ್ತೇ ಹೇಳಿ. ನಿಮ್ಮ ನಿದ್ದೆ ಕೆಡಿಸಿರುವುದು ಎಂಜಿನ್‌ಗಿಂತ ಹೆಚ್ಚಾಗಿ ಆ ಹೇಳದ ಮಾತು ಎಂದು ನನಗೆ ಅನ್ನಿಸುತ್ತಿದೆ.

ಈಗ ಜ್ಯಾಪ್ ಯಾಕೆ ಅನ್ನುವುದಕ್ಕೆ ಬರುತ್ತೇನೆ. ನಿಮ್ಮ ಕಾರು ಹುಟ್ಟಿದ್ದೇ ಬಡತನದ ಕಾಲದಲ್ಲಿ. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಲಂಡನ್ ಪಕ್ಕದ ಸರ್ಬಿಟನ್‌ನಲ್ಲಿ ಚಾರ್ಲ್ಸ್ ಕೂಪರ್ ಮತ್ತು ಅವರ ಮಗ ಜಾನ್ ಎರಡು ಹಳೆಯ ಫಿಯೆಟ್ ಟೊಪೊಲಿನೊ ಕಾರುಗಳ ಮುಂಭಾಗ ಕತ್ತರಿಸಿ ಬೆನ್ನಿಗೆ ಬೆನ್ನು ಜೋಡಿಸಿದರು. ಡ್ರೈವರ್ ಹಿಂದೆ, ಮಣ್ಣಿನ ಟ್ರ್ಯಾಕಿನಲ್ಲಿ ಓಡುವ ಸ್ಪೀಡ್‌ವೇ ಮೋಟಾರ್‌ಸೈಕಲ್ಲಿನ 500 ಸಿಸಿ ಜ್ಯಾಪ್ ಎಂಜಿನ್ ಕೂರಿಸಿ ಚೈನ್ ಎಳೆದರು. ದುಡ್ಡಿಲ್ಲದವರೂ ರೇಸ್ ಮಾಡಬೇಕು ಅನ್ನುವುದೇ ಆ ಆಟದ ಮೂಲ. 1948ರಲ್ಲಿ 18ರ ಹುಡುಗ ಸ್ಟರ್ಲಿಂಗ್ ಮಾಸ್ ರೇಸಿಗೆ ಇಳಿದದ್ದು ಜ್ಯಾಪ್ ಕೂರಿಸಿದ ಕೂಪರ್‌ನಲ್ಲೇ. 1950ರಲ್ಲಿ ಅದೇ ಆಟ ಅಂತರರಾಷ್ಟ್ರೀಯ ಫಾರ್ಮುಲಾ 3 ಆಯಿತು: 500 ಸಿಸಿ, ಸೂಪರ್‌ಚಾರ್ಜರ್ ಇಲ್ಲ, ಕನಿಷ್ಠ ತೂಕ 200 ಕಿಲೊ. ನಿಮ್ಮದು ಅದೇ ವರ್ಷದ ಕಾರು. ಆ ವರ್ಷದ ಕೂಪರ್‌ಗಳಲ್ಲಿ ಜ್ಯಾಪ್ ಕೂತಿರುವುದು ಸಹಜ ಸಂಗತಿ. ನಾರ್ಟನ್ ಅದನ್ನು ಹಿಂದಿಕ್ಕಿದ್ದು ಆಮೇಲೆ. ಎಂಜಿನ್ ಕೂರುವ ಪ್ಲೇಟುಗಳು ಕಾರಿನಲ್ಲಿ ಉಳಿದಿದ್ದರೆ ತೂತುಗಳ ಅಳತೆ ತೆಗೆಯಿರಿ, ಹಿಂದೆ ಯಾವುದಿತ್ತೆಂದು ಅವೇ ಹೇಳುತ್ತವೆ. ರೇಸಿನ ಅರ್ಹತಾ ಕಾಗದ ಮಾಡಿಸುವಾಗಲೂ ಈ ಗುರುತು ಬೇಕಾಗುತ್ತದೆ. ದುಡ್ಡು ಕೊಡುವ ಮುಂಚೆ 500 ಓನರ್ಸ್ ಅಸೋಸಿಯೇಷನ್‌ನ ಹಿರಿಯರನ್ನು ಒಮ್ಮೆ ಕೇಳಿ.

ಮ್ಯಾಂಕ್ಸ್ ಶ್ರೇಷ್ಠ ಎಂಜಿನ್, ಅದರಲ್ಲಿ ಎರಡು ಮಾತಿಲ್ಲ. ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟ್, ಅವನ್ನು ತಿರುಗಿಸಲು ಬೆವೆಲ್ ಗೇರುಗಳು. ಆದರೆ ಅದರ ಬೆಲೆ ಏರಿದ್ದಕ್ಕೆ ಒಂದು ಕಥೆಯಿದೆ. ನಾರ್ಟನ್‌ನವರು ಬರೀ ಎಂಜಿನ್ ಮಾರುತ್ತಿರಲಿಲ್ಲ. ಕಾರು ಓಡಿಸುವವರು ಇಡೀ ಮೋಟಾರ್‌ಸೈಕಲ್ ಕೊಂಡು, ಎಂಜಿನ್ ಕಿತ್ತುಕೊಂಡು, ಉಳಿದದ್ದನ್ನು ಮಾರಿಬಿಡುತ್ತಿದ್ದರು. ಹಾಗೆ ಅನಾಥವಾದ ನಾರ್ಟನ್‌ನ ಫೆದರ್‌ಬೆಡ್ ಫ್ರೇಮುಗಳಿಗೆ ಟ್ರಯಂಫ್ ಎಂಜಿನ್ ಹಾಕಿದವರಿಂದಲೇ ಟ್ರೈಟನ್ ಅನ್ನುವ ಬೈಕ್ ಹೆಸರಾಯಿತು. ಈಗ ಬೈಕಿನವರಿಗೂ ಮ್ಯಾಂಕ್ಸ್ ಬೇಕು, ಕಾರಿನವರಿಗೂ ಬೇಕು. ಆ ಜಗ್ಗಾಟದ ನಡುವೆ ನಿಮ್ಮ ಮಗಳ ಕಾಲೇಜು ಫೀಸು ಸಿಕ್ಕಿಕೊಳ್ಳಬಾರದು. ಅದೂ ಅಲ್ಲದೆ, ಮ್ಯಾಂಕ್ಸ್ ಕ್ರ್ಯಾಂಕ್‌ಕೇಸ್ ಮೆಗ್ನೀಸಿಯಂ ಮಿಶ್ರಲೋಹದ್ದು. ವರ್ಷಾನುಗಟ್ಟಲೆ ತೇವದ ಶೆಡ್‌ನಲ್ಲಿ ಬಿದ್ದಿದ್ದರೆ ಒಳಗೊಳಗೇ ಪುಡಿಯಾಗುತ್ತಾ ಬಂದಿರಬಹುದು.

ಕ್ರ್ಯಾಂಕ್‌ಕೇಸ್ ವಿಷಯ ಬಂದದ್ದರಿಂದ ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ಹಳೆಯ ಸಿಂಗಲ್ ಸಿಲಿಂಡರ್ ಎಂಜಿನ್ ಒಂದನ್ನು ಮಿರಮಿರ ಹೊಳೆಯುವ ಬಣ್ಣ ನೋಡಿಯೇ ಕೊಂಡೆ. ಮನೆಗೆ ತಂದು ಬಣ್ಣ ತೆಗೆದರೆ, ಮುಖ್ಯ ಬೇರಿಂಗ್ ಮನೆಯ ಸುತ್ತ ಉದ್ದಕ್ಕೂ ಬೆಸುಗೆ. ಮೂರು ತಿಂಗಳ ಸಂಬಳ ಕಪಾಟಿನಲ್ಲಿಡುವ ಗೊಂಬೆಯಾಯಿತು. ಹಾಗಾಗಿ ಜ್ಯಾಪ್ ಮಾರುವವರಿಗೆ ನೇರವಾಗಿ ಕೇಳಿ: ಬಿಚ್ಚಿ ತೋರಿಸುತ್ತೀರಾ? ಒಲ್ಲೆ ಅಂದರೆ ನಮಸ್ಕಾರ ಹೇಳಿ ಬನ್ನಿ. ಒಪ್ಪಿದರೆ, ಕೇಸಿನ ಎರಡು ಅರ್ಧಗಳು ಒಂದೇ ಜೋಡಿಯವೇ ನೋಡಿ. ಸಿಲಿಂಡರ್ ಕೂರುವ ಜಾಗ, ಚೈನಿನ ಕಡೆಯ ಬೇರಿಂಗ್ ಮನೆ, ಇವೆರಡಕ್ಕೂ ಬಣ್ಣದ ದ್ರವ ಹಚ್ಚಿ ಬಿರುಕು ಪರೀಕ್ಷೆ ಮಾಡಿಸಿ. ಫ್ಲೈವೀಲ್ ಜೋಡಿಗೆ ಡಯಲ್ ಗೇಜ್ ಇಟ್ಟು ತಿರುಗಿಸಿ, ಎಷ್ಟು ಓಲಾಡುತ್ತದೆ ನೋಡಿ. ಕನೆಕ್ಟಿಂಗ್ ರಾಡ್, ಕ್ರ್ಯಾಂಕ್‌ಪಿನ್, ದೊಡ್ಡ ಬೇರಿಂಗ್ ಈ ಮೂರೂ ಹೇಗಿದ್ದರೂ ಹೊಸದಾಗಿ ಹಾಕಬೇಕೆಂದೇ ಲೆಕ್ಕ ಹಾಕಿ, ಆ ಖರ್ಚನ್ನು ಬೆಲೆಯಿಂದ ಕಳೆದು ಚೌಕಾಶಿ ಮಾಡಿ. ಎಪ್ಪತ್ತು ವರ್ಷದ ಹಿಂದಿನ ರಾಡ್ ಎಷ್ಟು ರೇಸ್ ಕಂಡಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಅದು ಮುರಿದರೆ ಕೇಸನ್ನೂ ಸೀಳಿಕೊಂಡು ಹೊರಬರುತ್ತದೆ, ಮತ್ತು ನೀವು ಕೂತಿರುವುದು ಅದರ ಮುಂದೆಯೇ.

ಟ್ಯೂನಿಂಗ್ ಅಂದ ಕೂಡಲೇ ಎಲ್ಲರಿಗೂ ಅಶ್ವಶಕ್ತಿ ನೆನಪಾಗುತ್ತದೆ. ಚೆನ್ನಾಗಿ ಕಟ್ಟಿದ ಜ್ಯಾಪ್ ಸುಮಾರು 45 ಅಶ್ವಶಕ್ತಿ ಕೊಡುತ್ತದೆ. ಮೊದಲ ವರ್ಷ ಅಷ್ಟೂ ಬೇಡ. ಸ್ಪೀಡ್‌ವೇ ರೇಸ್ ನಾಲ್ಕು ಸುತ್ತು, ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಅದಕ್ಕೆಂದೇ ಮಾಡಿದ ಎಂಜಿನ್‌ನಲ್ಲಿ ಒಳಹೋದ ಎಣ್ಣೆ ಟ್ಯಾಂಕಿಗೆ ಮರಳುವುದಿಲ್ಲ, ಹೊರಗೇ ಹೋಗುತ್ತದೆ. ಕಾರಿನಲ್ಲಿ ಅದೇ ಎಂಜಿನ್ ಹದಿನೈದು ಇಪ್ಪತ್ತು ನಿಮಿಷ ದುಡಿಯಬೇಕು, ಅದೂ ಗಾಳಿಗೆ ಎದೆಯೊಡ್ಡದೆ ನಿಮ್ಮ ಬೆನ್ನ ಹಿಂದೆ ಕೂತು. ಆದ್ದರಿಂದ ಎಣ್ಣೆ ಪಂಪು ಎಷ್ಟು ಕೊಡುತ್ತಿದೆ, ಬಾಡಿಯ ಪಕ್ಕದ ಕಿಂಡಿಯಿಂದ ಬರುವ ಗಾಳಿ ಸಿಲಿಂಡರ್ ಹೆಡ್ಡಿಗೆ ನೇರ ಬಡಿಯುತ್ತದೆಯೇ, ಈ ಎರಡನ್ನೂ ಮೊದಲು ಸರಿಮಾಡಿ. ಸಿಲಿಂಡರ್ ಬುಡಕ್ಕೆ ಒಂದು ಪ್ಲೇಟ್ ಕೊಟ್ಟು ಕಂಪ್ರೆಶನ್ ಸ್ವಲ್ಪ ಇಳಿಸಿ. ಹಾಗೆ ಮಾಡಿದರೆ ಪುಷ್‌ರಾಡ್ ಅಂತರ ಮತ್ತೆ ಹೊಂದಿಸಬೇಕು, ಮರೆಯಬೇಡಿ.

ಇಂಧನದ ಬಗ್ಗೆ ಇನ್ನೂ ಎಚ್ಚರ. ಈ ಎಂಜಿನ್‌ಗೆ ಹಾಕುವ ಮೆಥನಾಲ್ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಹರಿಯಬೇಕು. ಪೆಟ್ರೋಲಿನ ಒಂದು ಪಾಲಿಗೆ ಗಾಳಿ 14.7 ಪಾಲು ಸಾಕಾದರೆ, ಮೆಥನಾಲಿಗೆ ಗಾಳಿ ಬರೀ 6.4 ಪಾಲು. ಜೆಟ್ ಮಾತ್ರ ಹಿಗ್ಗಿಸಿದರೆ ಸಾಲದು, ಟ್ಯಾಂಕಿನ ನಲ್ಲಿಯಿಂದ ಕೊಳವೆಯವರೆಗೆ ಎಲ್ಲವೂ ದೊಡ್ಡದಾಗಬೇಕು. ಸಿಂಗಲ್ ಸಿಲಿಂಡರ್ ಅದುರುವುದಕ್ಕೆ ಫ್ಲೋಟ್ ಬಟ್ಟಲಿನ ಇಂಧನ ನೊರೆ ಕಟ್ಟುತ್ತದೆ. ಬಟ್ಟಲನ್ನು ಬೇರೆಯಾಗಿ ರಬ್ಬರಿನ ಮೇಲೆ ಕೂರಿಸಿ. ಇಂಧನ ಕಡಿಮೆಯಾದರೆ ಪಿಸ್ಟನ್ ಸುಡುತ್ತದೆ, ಹೆಚ್ಚಾದರೆ ಬರೀ ಮಂಕಾಗುತ್ತದೆ. ಸಂದೇಹ ಬಂದಾಗ ಹೆಚ್ಚಿನ ಕಡೆಗೇ ಇರಿ. ಮೆಥನಾಲಿನ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ, ಮೈಗೆ ತಾಕಿದರೂ ವಿಷ. ಓಡಿಸಿ ಮುಗಿದ ದಿನವೇ ಬಸಿದು, ಪೆಟ್ರೋಲಿನಲ್ಲಿ ತೊಳೆದು ಇಡಿ. ಇಲ್ಲದಿದ್ದರೆ ಕಾರ್ಬುರೇಟರ್ ಒಳಗೆ ಬಿಳಿ ಬೂಷ್ಟು ಕಟ್ಟುತ್ತದೆ.

ಹಿಂದೆ ಉಳಿಯುವ ಭಯದ ಬಗ್ಗೆ ಒಂದೇ ಮಾತು: ಪ್ರತಿ ಟ್ರ್ಯಾಕಿಗೂ ಚೈನ್ ಸ್ಪ್ರಾಕೆಟ್ ಬದಲಿಸುವುದನ್ನು ಕಲಿಯಿರಿ. ತಪ್ಪು ಗೇರಿನ ಮ್ಯಾಂಕ್ಸ್‌ಗಿಂತ ಸರಿ ಗೇರಿನ ಜ್ಯಾಪ್ ಮೂಲೆಯಿಂದ ಚುರುಕಾಗಿ ಏಳುತ್ತದೆ.

ಇನ್ನು ನಿಮ್ಮ ಅಪ್ಪ. ಬರುವ ಬೇಸಿಗೆ ಅನ್ನುವ ಗಡುವು ನೀವು ಹಾಕಿಕೊಂಡದ್ದು, ಅವರು ಕೇಳಿದ್ದಲ್ಲ. ಎಂಬತ್ತನಾಲ್ಕು ಅನ್ನುವ ಅಂಕಿ ನಿಮ್ಮನ್ನು ಓಡಿಸುತ್ತಿದೆಯೆಂದು ನನಗೆ ಅರ್ಥವಾಗುತ್ತದೆ. ಆದರೆ ಅವಸರದಲ್ಲಿ ಕಟ್ಟಿದ ಎಂಜಿನ್ ಅವರ ಕಣ್ಣೆದುರೇ ಸೀಜ್ ಆದರೆ ಅದನ್ನು ನೀವಿಬ್ಬರೂ ಹೇಗೆ ತಡೆದುಕೊಳ್ಳುತ್ತೀರಿ? ಮುಗಿದ ಕಾರನ್ನು ತೋರಿಸಲು ಕಾಯುವ ಬದಲು ಕಟ್ಟುವ ಕೆಲಸಕ್ಕೇ ಅವರನ್ನು ಸೇರಿಸಿಕೊಳ್ಳಿ. ಸ್ಪೀಡ್‌ವೇ ಟ್ರ್ಯಾಕುಗಳಿಂದ ಜ್ಯಾಪ್ ಅನ್ನು ಕೊನೆಗೆ ಓಡಿಸಿದ್ದು ಚೆಕೊಸ್ಲೊವಾಕಿಯದ ಎಸೊ ಎಂಜಿನ್. 1964ರಲ್ಲಿ ಆ ಎಸೊ ಸೇರಿಹೋದದ್ದು ಜಾವಾದೊಳಗೆ. ಮೈಸೂರಿನಲ್ಲಿ ನಿಮ್ಮ ಅಪ್ಪ ಜೋಡಿಸುತ್ತಿದ್ದ ಬೈಕುಗಳ ತವರು ಅದೇ. ಅವರಿಗೆ ಇದನ್ನು ಹೇಳಿ, ತಮ್ಮವರು ಸೋಲಿಸಿದ ಎಂಜಿನ್ ಹೇಗಿತ್ತೆಂದು ನೋಡುವ ಆಸೆ ಹುಟ್ಟದೆ ಇರದು.

ಜ್ಯಾಪ್ ಮನೆಗೆ ಬಂದ ದಿನ ಟೇಬಲ್ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಫೋನ್ ನಿಲ್ಲಿಸಿ, ಮೈಸೂರಿಗೆ ವಿಡಿಯೊ ಕರೆ ಮಾಡಿ. ನಿಮ್ಮ ಹೆಂಡತಿಯೂ ಮಗಳೂ ಪಕ್ಕದಲ್ಲಿರಲಿ. ಅಪ್ಪ ನೋಡುತ್ತಿರುವಾಗಲೇ ಮೊದಲ ನಟ್ಟು ಬಿಚ್ಚಿ. ಬೇರಿಂಗ್ ತಿರುಗಿಸಿ ಸದ್ದು ಕೇಳಿಸಿ, ಏನನ್ನಿಸಿತೆಂದು ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ. ಈ ಎಂಜಿನ್‌ಗೆ ಹಾಕುವ ರೇಸಿಂಗ್ ಎಣ್ಣೆ ಹರಳೆಣ್ಣೆಯಿಂದ ಮಾಡಿದ್ದು ಎಂದೂ ಹೇಳಿ. ಅವರು ಇಂಗ್ಲೆಂಡಿಗೆ ಬಂದು ನಿಂತ ದಿನ, ಈ ಬೇಸಿಗೆಯೋ ಮುಂದಿನದೋ, ನಾಲ್ಕು ಜನ ಕಾರನ್ನು ತಳ್ಳಿ ಎಂಜಿನ್ ಹೊತ್ತಿದ ಕೂಡಲೇ ಆ ವಾಸನೆ ಅವರಿಗೆ ಹಬ್ಬದ ಎಣ್ಣೆಸ್ನಾನದ ಬೆಳಗಿನ ಹಾಗೆ ಬಂದು ತಟ್ಟುತ್ತದೆ.