ಮೈ ಕಟ್ಟುವ ಹುಡುಗರಿಗೆ ಒಂದು ಮಾತು

ತಮ್ಮಂದಿರಾ, ಯಾದಗಿರಿ, ಶಹಾಪುರ, ಸುರಪುರದ ಜಿಮ್ಮುಗಳಲ್ಲಿ ಬೆವರು ಸುರಿಸುವ ನಿಮ್ಮನ್ನು ಹಿರಿಯರು ಕೆಣಕುವುದು ಒಂದೇ ಮಾತಿನಿಂದ: "ಕುಸ್ತಿ ಹಿಡಿಯಂಗಿಲ್ಲ, ಓಡಂಗಿಲ್ಲ, ಬರೇ ನಿಂತು ತೋರಿಸೋದು ಯಾವ ಆಟಲೇ?" ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಕಂಬ ಏರುವವರನ್ನು ನೋಡುತ್ತ ಬೆಳೆದ ಸೀಮೆ ಇದು. ತುದಿ ಮುಟ್ಟಿದವನು ಗೆದ್ದ, ಜಾರಿದವನು ಸೋತ, ತೀರ್ಪುಗಾರ ಬೇಕಿಲ್ಲ. ಹೀಗಾಗಿ ಹಿರಿಯರ ಅನುಮಾನ ಸಹಜ.

ಆದರೂ ನಾನು ನಿಮ್ಮ ಪರ. ಕಣ್ಣಳತೆಯಿಂದ ಅಂಕ ಕೊಡುವುದೇ ತಪ್ಪಾದರೆ ಜಿಮ್ನಾಸ್ಟಿಕ್ಸ್ ಕೂಡ ಆಟವಲ್ಲ. ಬುಸಾನ್ 2002, ದೋಹಾ 2006ರ ಏಷ್ಯನ್ ಗೇಮ್ಸ್‌ನಲ್ಲಿ ದೇಹದಾರ್ಢ್ಯಕ್ಕೂ ಪದಕಗಳಿದ್ದವು. ದೇಹದಾರ್ಢ್ಯಪಟು ಪ್ರೇಮ್‌ಚಂದ್ ಡೇಗ್ರಾ ಅವರಿಗೆ ಸರ್ಕಾರ ಅರ್ಜುನ ಪ್ರಶಸ್ತಿ ಕೊಟ್ಟಿದೆ. ನಮ್ಮ ನಾಡಿನಲ್ಲೇ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿ, ಬಾರ್‌ಬೆಲ್ ಜೊತೆಗೆ ಸೂರ್ಯನಮಸ್ಕಾರವನ್ನೂ ಕಲಿಸಿದರು. ಅದೇ ಕೈಯಿಂದ 'ಶಾಂತಲಾ' ಕಾದಂಬರಿಯನ್ನೂ ಬರೆದರು. ತಿಂಗಳುಗಟ್ಟಲೆ ಹೊತ್ತಿಗೆ ಸರಿಯಾಗಿ ಎದ್ದು, ಅಳೆದು ಉಂಡು, ಭಾರ ಎತ್ತುವವನನ್ನು ಕ್ರೀಡಾಪಟು ಎನ್ನಲು ನನಗೆ ಅಡ್ಡಿಯಿಲ್ಲ.

ಅಡ್ಡಿ ಇರುವುದು ಸೂಜಿಯ ಬಗ್ಗೆ. ಉದ್ದೀಪನ ಮದ್ದು ತಡೆಯುವ ಅಂತರರಾಷ್ಟ್ರೀಯ ಸಂಸ್ಥೆ ವಾಡಾದ ವರದಿ ಪ್ರಕಾರ 2019ರಲ್ಲಿ ಭಾರತದ 152 ಪ್ರಕರಣಗಳಲ್ಲಿ 57 ದೇಹದಾರ್ಢ್ಯದವು. ಆ ವರ್ಷ ದೇಶದ ಬೇರೆ ಯಾವ ಆಟದಲ್ಲೂ ಅಷ್ಟು ಮಂದಿ ಸಿಕ್ಕಿಬೀಳಲಿಲ್ಲ. ಆಟಕ್ಕೆ ನಿಯಮ ಬೇಕು. ಕದ್ದು ಚುಚ್ಚಿಸಿಕೊಂಡವನು ಆಟದ ಹೊರಗೆ ತಾನೇ ನಡೆದ. ಸ್ಟೀರಾಯ್ಡ್ ತೋಳು ಊದಿಸುತ್ತದೆ. ಹೃದಯದ ಗೋಡೆಯನ್ನೂ ದಪ್ಪ ಮಾಡುತ್ತದೆ, ವೀರ್ಯಾಣುಗಳ ಸಂಖ್ಯೆ ಕುಗ್ಗಿಸುತ್ತದೆ. ಸ್ಪರ್ಧೆಗೆ ಮುಂಚೆ ನರ ಎದ್ದು ಕಾಣಲೆಂದು ನೀರು ಬಿಟ್ಟು, ಮೂತ್ರ ಹರಿಸುವ ಗುಳಿಗೆ ನುಂಗುವುದು ಇನ್ನೊಂದು ಹುಚ್ಚು. ಪೊಟ್ಯಾಸಿಯಂ ಏರುಪೇರಾದರೆ ಎದೆಬಡಿತ ತಪ್ಪುತ್ತದೆ. ನಮ್ಮ ಬ್ಯಾಸಗಿಯಲ್ಲಿ ಅದು ಸಾವನ್ನು ಮನೆಗೆ ಕರೆದಂತೆ.

ಸೂಜಿ ಬಿಟ್ಟಂತೆ ಡಬ್ಬಿಯ ಪ್ರೋಟೀನ್ ಪುಡಿಗೂ ಸಾಲ ಮಾಡಬೇಡಿರಿ. ಭಾರ ಎತ್ತುವವನಿಗೆ ದಿನಕ್ಕೆ ಕಿಲೋ ಮೈತೂಕಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. 70 ಕಿಲೋ ಹುಡುಗನಿಗೆ 112 ಗ್ರಾಂ ಆಯಿತು. ನೂರು ಗ್ರಾಂ ತೊಗರಿಬ್ಯಾಳಿಯಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ ಸುಮಾರು 25 ಗ್ರಾಂ, ಒಂದು ತತ್ತಿಯಲ್ಲಿ 6 ಗ್ರಾಂ ಇದೆ. ತೊಗರಿಯ ಕಣಜದಲ್ಲಿ ಹುಟ್ಟಿದವರು ನೀವು. ಜೋಳದ ರೊಟ್ಟಿ, ದಪ್ಪ ಬ್ಯಾಳಿ, ಮೊಸರು, ತತ್ತಿ ಸೇರಿಸಿ ಲೆಕ್ಕ ಹಾಕಿರಿ. ಉಳಿದ ಕೊರತೆಗೆ ಮಾತ್ರ ಪುಡಿ.

ಸ್ಪರ್ಧೆಗೆ ಹೆಸರು ಕೊಡುವ ಮೊದಲು ಆಯೋಜಕರನ್ನು ಒಂದು ಪ್ರಶ್ನೆ ಕೇಳಿರಿ: "ಡೋಪ್ ಪರೀಕ್ಷೆ ಉಂಟೇನು?" ಇಲ್ಲ ಎಂದರೆ ಹೆಸರು ವಾಪಸ್ ತಗೊಳ್ರಿ. ಉಂಟು ಎಂದರೆ ಧೈರ್ಯವಾಗಿ ವೇದಿಕೆ ಏರಿರಿ. ಆಗ ನಿಮ್ಮನ್ನು ಕ್ರೀಡಾಪಟು ಅಲ್ಲ ಎನ್ನುವವರ ಜೊತೆ ಜಗಳಕ್ಕೆ ನಾನೇ ನಿಲ್ಲುತ್ತೇನೆ.