ಮಕ್ಕಳ ಪ್ರಶ್ನೆಗೆ ಕಿವಿಗೊಡಿರಿ

ವಿಶ್ವವಿದ್ಯಾನಿಲಯದ ಮೊದಲ ವರ್ಷಕ್ಕೆ ಸೇರಿದ ಮಕ್ಕಳು ಹೊಸ ಪ್ರಶ್ನೆಗಳೊಂದಿಗೆ ಮನೆಗೆ ಬರುತ್ತಾರೆ. ಗದರಿ ಬಾಯಿ ಮುಚ್ಚಿಸಿದರೆ ಅವರು ಉತ್ತರವನ್ನು ಬೇರೆಡೆ ಹುಡುಕುತ್ತಾರೆ.

ಹಿಜರಿ 5ರಲ್ಲಿ (ಕ್ರಿ.ಶ. 627) ಶತ್ರುಸೇನೆ ಮದೀನಾದತ್ತ ಹೊರಟಾಗ, ದಾಸ್ಯದಿಂದ ಬಿಡುಗಡೆ ಹೊಂದಿದ್ದ ಹ. ಸಲ್ಮಾನ್ ಫಾರಿಸೀ(ರ) ಕಂದಕ ತೋಡುವ ಸಲಹೆಯಿತ್ತರು. ಅದು ಪರ್ಶಿಯಾದ ಕ್ರಮ, ಅರಬರಿಗೆ ಹೊಸತು. ಆದರೂ ಪ್ರವಾದಿವರ್ಯರು(ಸ) ಅದನ್ನು ಒಪ್ಪಿದರು. ಸ್ವತಃ ಮಣ್ಣು ಹೊತ್ತರು. ಉಪಾಯ ಹೊಸದಾಗಿತ್ತು, ಧ್ಯೇಯ ಬದಲಾಗಲಿಲ್ಲ.

ಹೆತ್ತವರೇ, ಮಕ್ಕಳಿಗೂ ಇದನ್ನೇ ಕಲಿಸಿರಿ. ಹೊಸ ವಿಚಾರ ಎದುರಾದಾಗ ಅವರು ತಮ್ಮನ್ನೇ ಕೇಳಿಕೊಳ್ಳಲಿ: ಇದು ಸತ್ಯವೇ? ಇದರಿಂದ ಯಾರಿಗೆ ಒಳಿತು? ಇದರ ಬಗ್ಗೆ ನಾಳೆ ಅಲ್ಲಾಹನ ಮುಂದೆ ಉತ್ತರಿಸಬಲ್ಲೆನೇ? ವಾರಕ್ಕೊಮ್ಮೆಯಾದರೂ ಊಟದ ಬಳಿಕ ಜೊತೆಗೆ ಕುಳಿತು ಅವರ ಮಾತನ್ನು ಪೂರ್ತಿಯಾಗಿ ಕೇಳಿರಿ. ಉತ್ತರ ತಿಳಿಯದಿದ್ದರೆ ತಿಳಿದವರ ಬಳಿಗೆ ಅವರೊಂದಿಗೆ ನೀವೂ ಹೋಗಿರಿ.